ಗಿಟಾರ್ ಬೆಲ್ಟ್: ನಾಲ್ಕು ಹಾಕಿ ನೋಡಿದೆ, ಒಂದೇ ಉಳಿಯಿತು

ಕಳೆದ ವರ್ಷ ಗಣೇಶನ ಕಾರ್ಯಕ್ರಮದಲ್ಲಿ ನನ್ನ ಗಿಟಾರ್ ವೇದಿಕೆ ಮೇಲೆ ಬಿತ್ತು. ನುಡಿಸುವಾಗ ಅಲ್ಲ. ಒಂದು ಹಾಡು ಮುಗಿದಿತ್ತು, ಕಾಲಿಗೆ ಸಿಕ್ಕಿಕೊಂಡ ಕೇಬಲ್ ಬಿಡಿಸೋಕೆ ಅಂತ ಬಗ್ಗಿದೆ, ಅಷ್ಟೇ. ಬೆಲ್ಟಿನ ಹಿಂದಿನ ತುದಿ ಕಳಚಿಕೊಂಡಿತು. ಎಡಗೈ ಗಿಟಾರಿನ ಕತ್ತಿನ (ನೆಕ್) ಮೇಲೆ ಇದ್ದಿದ್ದರಿಂದ ಪೂರ್ತಿ ಹೋಗಲಿಲ್ಲ. ಕೆಳಗಿನ ಅಂಚು ಹಲಗೆಗೆ ಬಡಿದು ಎಂಟಾಣೆ ಅಗಲ ಪಾಲಿಶ್ ಎದ್ದುಬಂತು. ಕೇಬಲ್ ಇನ್ನೂ ಗಿಟಾರಿನಲ್ಲೇ ಇತ್ತು, ಹಾಗಾಗಿ ಆ ‘ಧಡ್’ ಸ್ಪೀಕರಿನಲ್ಲಿ ಇಡೀ ಬೀದಿಗೆ ಕೇಳಿಸಿತು. ನಮ್ಮ ತಬಲಾದವರು ಈಗಲೂ ನಾನು ವೇದಿಕೆ ಹತ್ತುವಾಗ ‘ಮಾರಾಯ್ರೆ, ಬಗ್ಗಬೇಡಿ’ ಅನ್ನುತ್ತಾರೆ.

ಆಮೇಲೆ ಒಂದು ವರ್ಷದಲ್ಲಿ ತಂತಿಗಿಂತ ಬೆಲ್ಟಿಗೇ ಜಾಸ್ತಿ ಖರ್ಚು ಮಾಡಿದೆ. ಸ್ಟ್ರ್ಯಾಪ್ ಅನ್ನೋದು ಸರಿಯಾದ ಹೆಸರು, ಆದರೆ ನಮ್ಮ ಆರ್ಕೆಸ್ಟ್ರಾದಲ್ಲಿ ಎಲ್ಲರಿಗೂ ಅದು ಬೆಲ್ಟೇ. ಗೆದ್ದಿದ್ದು ಯಾವುದು ಅಂತ ಈಗಲೇ ಹೇಳಿಬಿಡುತ್ತೇನೆ: ಎರಡೂವರೆ ಇಂಚು ಅಗಲದ ಹತ್ತಿ ಬೆಲ್ಟ್, ಎರಡೂ ತುದಿಗೆ ದಪ್ಪ ಚರ್ಮ, ಜೊತೆಗೆ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ವಾಷರ್. ಎಲ್ಲ ಸೇರಿ ಏಳುನೂರು ರೂಪಾಯಿ ದಾಟಲಿಲ್ಲ.

ನನ್ನ ಹತ್ತಿರ ಎರಡು ಗಿಟಾರ್ ಇವೆ. ಒಂದು ಪಿಕಪ್ (ತಂತಿಯ ಸದ್ದನ್ನು ಕೇಬಲಿಗೆ ಕೊಡುವ ಸಾಧನ) ಇರುವ ಅಕೌಸ್ಟಿಕ್, ಅಂದರೆ ಟೊಳ್ಳು ಮೈಯದ್ದು, ಸುಮಾರು ಎರಡು ಕಿಲೋ. ಇನ್ನೊಂದು ಲೆಸ್ ಪಾಲ್ ಅನ್ನೋ ಭಾರದ ಮಾದರಿಯ ಎಲೆಕ್ಟ್ರಿಕ್, ನಾಲ್ಕು ಕಿಲೋ ತೂಗುತ್ತದೆ. ಕಾರ್ಯಕ್ರಮ ಅಂದರೆ ಮೂರು ಗಂಟೆ ನಿಂತೇ ಇರಬೇಕು. ವಯಸ್ಸು ನಲವತ್ತೈದು ದಾಟಿದೆ, ಎಡ ಭುಜ ಆಗಾಗ ಹಿಡಿದುಕೊಳ್ಳುತ್ತದೆ. ನೀವು ಕಾಲೇಜು ಹುಡುಗರಾಗಿದ್ದರೆ ನನ್ನ ಲೆಕ್ಕ ನಿಮಗೆ ಹೊಂದದೆ ಇರಬಹುದು.

ಮೊದಲು ನೈಲಾನ್. ಗಿಟಾರ್ ಜೊತೆ ಸುಮ್ನೆ ಕೊಡುತ್ತಾರಲ್ಲ, ಅದೇ ಎರಡಿಂಚಿನ ಪಟ್ಟಿ. ಅಂಗಿ ಮೇಲೆ ಜಾರುತ್ತದೆ, ಕಾಲರ್ ಪಕ್ಕ ಕೊರೆಯುತ್ತದೆ. ಅಕೌಸ್ಟಿಕ್ ಹಿಡಿದು ಅರ್ಧ ಗಂಟೆ ನುಡಿಸೋಕೆ ಸಾಕು. ಬಿದ್ದ ದಿನ ಇದ್ದಿದ್ದು ಇದೇ. ಆದರೆ ತಪ್ಪು ಪೂರ್ತಿ ನೈಲಾನಿನದ್ದಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಮೂರಿಂಚಿನ ಚರ್ಮದ್ದು, ಒಳಮೈ ಒರಟು. ಎರಡು ಸಾವಿರದ ಎಂಟುನೂರು ಕೊಟ್ಟೆ. ಭುಜಕ್ಕೆ ಇದಕ್ಕಿಂತ ಸುಖ ಬೇರೆ ಇಲ್ಲ, ನಾಲ್ಕು ಕಿಲೋ ಮೂರು ಕಿಲೋ ಆದ ಹಾಗಿತ್ತು. ಆದರೆ ನಾನಿರೋದು ಮಲೆನಾಡಿನ ಸಾಗರದಲ್ಲಿ. ಜುಲೈನಲ್ಲಿ ಮೂರು ವಾರ ಕಾರ್ಯಕ್ರಮ ಇರಲಿಲ್ಲ. ಗಿಟಾರ್ ಚೀಲ ತೆಗೆದು ನೋಡಿದರೆ ಬೆಲ್ಟ್ ಮೇಲೆ ಬಿಳಿ ಬೂಷ್ಟು. ಒರೆಸಿ, ಬಿಸಿಲು ಬಂದ ದಿನ ಹೊರಗೆ ಇಟ್ಟೆ. ಬೂಷ್ಟು ಹೋಯಿತು, ವಾಸನೆ ಹೋಗಲಿಲ್ಲ. ಹೆಂಡತಿ ಅದನ್ನು ಒಳಗೆ ತರಬೇಡಿ ಅಂದಳು. ಇನ್ನೊಂದು ತಾಪತ್ರಯ ಅಂದರೆ ಆ ಒರಟು ಮೈ ಅಂಗಿಯನ್ನು ಹಿಡಿದುಕೊಂಡು ಬಿಡುತ್ತದೆ. ಗಿಟಾರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಅಂಗಿಯೂ ಜೊತೆಗೆ ಬರುತ್ತದೆ. ಎಸ್‌ಜಿ ಆಕಾರದ (ಎರಡು ಕೊಂಬಿನ, ತೆಳು ಮೈಯ) ಗಿಟಾರ್ ಅಥವಾ ಬೇಸ್ (ದಪ್ಪ ತಂತಿಯ, ಕೆಳಸ್ವರದ ಗಿಟಾರ್) ಇರುವವರಿಗೆ ಮಾತ್ರ ಚರ್ಮದ್ದೇ ತಗೊಳ್ಳಿ ಅನ್ನುತ್ತೇನೆ. ಅವುಗಳ ನೆಕ್ ತಾನಾಗಿಯೇ ಕೆಳಗೆ ವಾಲುತ್ತದೆ, ಆ ಹಿಡಿತ ಅವರಿಗೆ ಬೇಕು.

ನಿಯೋಪ್ರೀನ್ ಅನ್ನೋ ಕೃತಕ ರಬ್ಬರಿನ ಬೆಲ್ಟ್ ಗೆಳೆಯನದ್ದು ಒಂದು ಸಂಜೆ ಹಾಕಿಕೊಂಡೆ. ಮೆತ್ತಗಿದೆ, ಆದರೆ ಹಿಗ್ಗಿ ಕುಗ್ಗುತ್ತದೆ. ತಾಳಕ್ಕೆ ತಲೆಯಾಡಿಸಿದರೆ ಗಿಟಾರೂ ಆಡುತ್ತದೆ. ವಾಪಸ್ ಕೊಟ್ಟೆ.

ಇನ್ನು ಲೋಹದ ಸ್ಟ್ರ್ಯಾಪ್ ಲಾಕ್. ಇದು ಬೆಲ್ಟ್ ಅಲ್ಲ, ಗಿಟಾರಿನಲ್ಲಿ ಬೆಲ್ಟ್ ಸಿಕ್ಕಿಸುವ ಗುಂಡಿ ತೆಗೆದು ಅದರ ಜಾಗದಲ್ಲಿ ಕೂರಿಸುವ ಬೀಗ. ಇನ್ನರ್ಧ ಬೆಲ್ಟಿನ ತೂತಿಗೆ ಬರುತ್ತದೆ. ಜರ್ಮನಿಯ ಶಾಲರ್, ಅಮೆರಿಕದ ಡನ್‌ಲಪ್ ಇವೆರಡೇ ಹೆಚ್ಚಿನವರು ಹೇಳುವ ಹೆಸರು. ಒಂದರ ಬೀಗಕ್ಕೆ ಇನ್ನೊಂದರ ಗುಂಡಿ ಕೂರೋದಿಲ್ಲ. ನಾನು ಕಡಿಮೆ ಬೆಲೆಯ ನಕಲು ತಂದೆ. ಭದ್ರತೆ ವಿಷಯದಲ್ಲಿ ಮಾತೇ ಇಲ್ಲ, ಗಿಟಾರ್ ತಲೆಕೆಳಗಾದರೂ ಕಳಚೋದಿಲ್ಲ. ಆದರೆ ಅದರ ಜೊತೆ ಬಂದ ಸ್ಕ್ರೂ ನನ್ನ ಗಿಟಾರಿನ ಹಳೆಯ ತೂತಿಗಿಂತ ತೆಳ್ಳಗಿತ್ತು. ತಿರುಗಿಸಿದರೆ ಸುಮ್ನೆ ತಿರುಗುತ್ತಲೇ ಇತ್ತು. ಕೊನೆಗೆ ತಲೆ ಮುರಿದ ಎರಡು ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಸ್ಕ್ರೂ ಹಾಕಿದೆ. ಗಟ್ಟಿಯಾಗಿ ನಿಂತಿತು. ಬೆಲ್ಟಿನ ಬದಿಯ ನಟ್ ಮಾತ್ರ ಎರಡು ವಾರಕ್ಕೊಮ್ಮೆ ಸಡಿಲವಾಗುತ್ತದೆ, ಸ್ಪ್ಯಾನರ್ ಜೊತೆಗೇ ಇರಬೇಕು. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಗಿಟಾರಿಗೆ ದೊಡ್ಡ ಕೊಕ್ಕೆ ಸ್ಕ್ರೂ ಹಾಕಿ ಅದಕ್ಕೆ ಬೆಲ್ಟ್ ಸಿಕ್ಕಿಸಿಕೊಳ್ಳುತ್ತಿದ್ದರು. ಅದೇ ವಾಸಿ ಅನ್ನಿಸಿದ್ದುಂಟು.

ಲಾಕನ್ನು ಬಿಟ್ಟಿದ್ದು ಇದಕ್ಕಲ್ಲ. ಅದು ನನ್ನ ಅಕೌಸ್ಟಿಕ್‌ಗೆ ಹಾಕೋಕೇ ಬರಲಿಲ್ಲ. ಅದರ ಹಿಂದಿನ ಗುಂಡಿಯೇ ಕಾರಣ, ಗಿಟಾರ್ ಬಿದ್ದಿದ್ದೂ ಅಲ್ಲಿಂದಲೇ.

ಪಿಕಪ್ ಇರುವ ಎಷ್ಟೋ ಅಕೌಸ್ಟಿಕ್‌ಗಳಲ್ಲಿ ಹಿಂದಿನ ಗುಂಡಿಯೇ ಕೇಬಲ್ ಚುಚ್ಚುವ ಜಾಕ್ ಕೂಡ ಆಗಿರುತ್ತದೆ. ಅಂದರೆ ಗುಂಡಿ ಒಳಗೆ ಟೊಳ್ಳು, ಮಾಮೂಲಿ ಗುಂಡಿಗಿಂತ ತುಂಬಾ ದಪ್ಪ. ಹೊಸ ಬೆಲ್ಟಿನ ತೂತಿನೊಳಗೆ ಅದು ಹೋಗೋದೇ ಇಲ್ಲ. ಆ ನೈಲಾನ್ ಬೆಲ್ಟನ್ನು ಹೆಬ್ಬೆರಳು ಕೆಂಪಾಗುವವರೆಗೆ ಒತ್ತಿದೆ. ಕಾರ್ಯಕ್ರಮಕ್ಕೆ ಒಂದು ಗಂಟೆ ಇತ್ತು. ಬ್ಲೇಡ್ ತಗೊಂಡು ತೂತಿನ ಸೀಳನ್ನು ಅರ್ಧ ಇಂಚು ಉದ್ದ ಮಾಡಿದೆ. ಸಲೀಸಾಗಿ ಹೋಯಿತು. ಎಷ್ಟು ಸಲೀಸಾಗಿ ಹೋಯಿತೋ ಅಷ್ಟೇ ಸಲೀಸಾಗಿ ಎರಡು ತಿಂಗಳ ನಂತರ ಹೊರಗೂ ಬಂತು.

ಬೆಲ್ಟ್ ಬಿಗಿಯಾಗಿ ಭಾರ ಹೊತ್ತಿರುವಾಗ ಕಳಚೋದು ಕಡಿಮೆ. ಸಡಿಲವಾದಾಗ ಕಳಚುತ್ತದೆ. ಕೂತಾಗ, ಬಗ್ಗಿದಾಗ, ಗಿಟಾರನ್ನು ಬೆನ್ನಿಗೆ ತಿರುಗಿಸಿಕೊಂಡಾಗ ಬೆಲ್ಟಿನ ತುದಿ ಮಡಚಿ ಗುಂಡಿಯ ತಲೆ ದಾಟಿಬಿಡುತ್ತದೆ. ಅದರಲ್ಲೂ ಈ ಜಾಕ್ ಗುಂಡಿಗೆ ಕೇಬಲ್ ಬೇರೆ ನೇತಾಡುತ್ತಿರುತ್ತದೆ. ಕೇಬಲನ್ನು ಮೊದಲು ಬೆಲ್ಟ್ ಮತ್ತು ಗಿಟಾರಿನ ನಡುವೆ ತೂರಿಸಿ ಆಮೇಲೆ ಚುಚ್ಚಬೇಕು. ಯಾರಾದರೂ ತುಳಿದರೂ ಎಳೆತ ಬೆಲ್ಟಿಗೆ ಬೀಳುತ್ತದೆ, ಜಾಕಿಗೆ ಅಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಹತ್ತಿ ಬೆಲ್ಟ್ ತಂದಾಗ ಬ್ಲೇಡ್ ಮುಟ್ಟಲಿಲ್ಲ. ಚರ್ಮದ ತುದಿಯನ್ನು ಸ್ವಲ್ಪ ಒದ್ದೆ ಮಾಡಿ, ದಪ್ಪ ಮಾರ್ಕರ್ ಪೆನ್ನನ್ನು ತೂತಿಗೆ ತಿರುಚಿ ತುರುಕಿ ಒಂದು ರಾತ್ರಿ ಬಿಟ್ಟೆ. ಸಾಲಲಿಲ್ಲ. ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಅಜ್ಜನ ಹತ್ತಿರ ಹೋದೆ. ಗಿಟಾರನ್ನೂ ಒಯ್ದಿದ್ದೆ. ಅವರು ಜಾಕನ್ನು ಒಮ್ಮೆ ನೋಡಿ, ‘ಸೀಳಬಾರದು ತಮ್ಮಾ, ದುಂಡಗೆ ಹೊಡೀಬೇಕು’ ಅಂದರು. ಪಂಚ್ ಇಟ್ಟು ಒಂದೇ ಏಟು. ಇಪ್ಪತ್ತು ರೂಪಾಯಿ. ಈಗಲೂ ಹಾಕಲು ಒತ್ತಬೇಕು, ತೆಗೆಯಲು ಎಳೆದಾಡಬೇಕು. ನನಗೆ ಬೇಕಿದ್ದದ್ದು ಅದೇ. ಎಲೆಕ್ಟ್ರಿಕ್‌ಗೆ ಬೇಕಾದ ದಿನ ಬಿಟ್ಟರೆ ನಾನು ಬೆಲ್ಟನ್ನು ಅಕೌಸ್ಟಿಕ್‌ನಿಂದ ತೆಗೆಯೋದಿಲ್ಲ, ಹಾಗೇ ಚೀಲಕ್ಕೆ ಹಾಕುತ್ತೇನೆ.

ಆ ದಪ್ಪ ಗುಂಡಿಗೆ ವಾಷರ್ ಬೇಡ, ಹೋಗೋದೂ ಇಲ್ಲ. ನೆಕ್ ಹತ್ತಿರದ ಗುಂಡಿಗೆ, ಎಲೆಕ್ಟ್ರಿಕ್‌ನ ಎರಡೂ ಗುಂಡಿಗಳಿಗೆ ಬೇಕು. ಹೊರಗಿನವರು ಹಾಲೆಂಡಿನ ಗ್ರೋಲ್ಶ್ ಬಿಯರ್ ಬಾಟಲಿಯ ಮುಚ್ಚಳದ ಕೆಂಪು ರಬ್ಬರ್ ಬಳಸುತ್ತಾರೆ. ನಾನು ಕೊಳಾಯಿಯ ರಬ್ಬರ್ ವಾಷರ್ ತಂದೆ. ತೂತು ಗುಂಡಿಯ ತಲೆಗಿಂತ ಚಿಕ್ಕದಿರಬೇಕು. ಮೊದಲು ಬೆಲ್ಟ್, ಅದರ ಮೇಲೆ ವಾಷರನ್ನು ಹಿಗ್ಗಿಸಿ ಕೂರಿಸಬೇಕು. ಗಟ್ಟಿ ಪ್ಲಾಸ್ಟಿಕ್‌ನದ್ದು ಬೇಡ, ಹಿಗ್ಗೋದಿಲ್ಲ. ನೈಟ್ರೋಸೆಲ್ಯುಲೋಸ್ ಪಾಲಿಶ್ ಇರುವ ದುಬಾರಿ ಗಿಟಾರ್ ನಿಮ್ಮದಾದರೆ ರಬ್ಬರ್ ಮೈಗೆ ತಾಗದ ಹಾಗೆ ನೋಡಿಕೊಳ್ಳಿ, ಕಲೆ ಬೀಳುತ್ತದೆ. ನನ್ನದಕ್ಕೆ ಆ ಭಯ ಇಲ್ಲ.

ನೆಕ್ ಕಡೆ ಗುಂಡಿಯೇ ಇಲ್ಲದ ಅಕೌಸ್ಟಿಕ್ ಇದ್ದರೆ ದಾರ ಕಟ್ಟಿ ಗಿಟಾರಿನ ತಲೆಗೆ ಬಿಗಿಯುವ ಹಳೇ ಪದ್ಧತಿ ಇದೆಯಲ್ಲ, ಭದ್ರವೇ, ಆದರೆ ನನಗೆ ಎಡಗೈಗೆ ಅಡ್ಡ ಬರುತ್ತಿತ್ತು. ರಿಪೇರಿಯವರಿಂದ ಹೀಲ್‌ಗೆ, ಅಂದರೆ ನೆಕ್ ಮೈಗೆ ಸೇರುವ ಬುಡಕ್ಕೆ, ಒಂದು ಗುಂಡಿ ಹಾಕಿಸಿಕೊಂಡೆ. ಹೊಸ ಗಿಟಾರಿಗೆ ಡ್ರಿಲ್ ಇಡುವಾಗ ಮಾತ್ರ ನಾನು ಅಂಗಡಿಯಿಂದ ಹೊರಗೆ ಹೋಗಿ ಚಹಾ ಕುಡಿದು ಬಂದೆ.

ಸುಖದಲ್ಲಿ ಹತ್ತಿ ಬೆಲ್ಟ್ ಚರ್ಮದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಎಲೆಕ್ಟ್ರಿಕ್ ಹಾಕಿದ ದಿನ ಮೂರನೇ ಗಂಟೆಗೆ ಭುಜ ಹೇಳುತ್ತದೆ. ಆದರೆ ಬೆವರು ಹೀರುತ್ತದೆ, ಜಾರುವುದಿಲ್ಲ, ಅಂಗಿ ಎಳೆಯುವುದಿಲ್ಲ, ಸೋಪು ನೀರಿನಲ್ಲಿ ಒರೆಸಿದರೆ ಸಾಕು. ಈ ಮಳೆಗಾಲ ಪೂರ್ತಿ ಚೀಲದಲ್ಲೇ ಇತ್ತು, ಹತ್ತಿಗೆ ಏನೂ ಆಗಲಿಲ್ಲ. ತುದಿಯ ಚರ್ಮಕ್ಕೆ ಮಾತ್ರ ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕುತ್ತೇನೆ. ಮೊದಲ ವಾಷರ್ ಎಂಟು ತಿಂಗಳಿಗೆ ಬಿರುಕು ಬಿಟ್ಟಿತು. ಈಗ ನಾಲ್ಕು ಹೊಸವು ತಂತಿ ಮೀಟುವ ಪಿಕ್ ಇಡುವ ಡಬ್ಬಿಯಲ್ಲೇ ಇವೆ. ಹಳೇ ನೈಲಾನ್ ಬೆಲ್ಟನ್ನು ಸ್ಕೂಟರ್ ಹಿಂದೆ ಆಂಪ್ (ಗಿಟಾರಿನ ಸ್ಪೀಕರ್ ಪೆಟ್ಟಿಗೆ) ಕಟ್ಟೋಕೆ ಇಟ್ಟುಕೊಂಡಿದ್ದೇನೆ, ಆ ಕೆಲಸದಲ್ಲಿ ಇದುವರೆಗೆ ಜಾರಿಲ್ಲ.