ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಓಎಸ್? ವಿಂಡೋಸ್ 11, ಕ್ರೋಮ್ಓಎಸ್ ಫ್ಲೆಕ್ಸ್, ಲಿನಕ್ಸ್ ಮಿಂಟ್ ಮೂರನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಇರುವ ಓಎಸ್ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಲಿನಕ್ಸ್ ಮಿಂಟ್. ಅದನ್ನು ಬದಲಿಸುವ ಯೋಚನೆಯೂ ಇಲ್ಲ. ಉಳಿದ ಎರಡನ್ನೂ ಹಾಕಿ, ಅವುಗಳ ಮೇಲೆ ಕೆಲಸ ಮಾಡಿ, ಆಮೇಲೆ ತೆಗೆದಿದ್ದೇನೆ. ಆದರೆ ನನಗೆ ಸರಿಹೋದದ್ದು ಎಲ್ಲರಿಗೂ ಸರಿಹೋಗಬೇಕು ಅಂತೇನಿಲ್ಲ ಅಲ್ವಾ? ಹಾಗಾಗಿ ನನ್ನ ಕೆಲಸ ಏನು ಅನ್ನುವುದು ನಿಮಗೆ ಗೊತ್ತಿರಬೇಕು. ನಾನು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ದಿನವಿಡೀ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಜೊತೆಗೆ ಪಿಡಿಎಫ್, ಮೇಲ್, ಬ್ಯಾಂಕಿನ ವ್ಯವಹಾರ. ಗೇಮ್ ಆಡುವುದಿಲ್ಲ, ವಿಡಿಯೋ ಎಡಿಟಿಂಗ್ ಮಾಡುವುದಿಲ್ಲ.

ಲ್ಯಾಪ್‌ಟಾಪ್ 2017ರಲ್ಲಿ ಕೊಂಡದ್ದು. ಇಂಟೆಲ್ ಐ5-7200ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಅಂದರೆ ಲ್ಯಾಪ್‌ಟಾಪ್ ಓಡುತ್ತಲೇ ಇರುತ್ತದೆ, ಆದರೆ ಭದ್ರತೆಯ ಅಪ್‌ಡೇಟ್ ತಾನಾಗೇ ಬರುವುದಿಲ್ಲ. ಅದೇ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದು ಒಪ್ಪುವ ಯಂತ್ರಗಳ ಪಟ್ಟಿಯಲ್ಲಿ ಇಂಟೆಲ್ ಪ್ರೊಸೆಸರ್‌ಗಳು ಶುರುವಾಗುವುದೇ 8ನೇ ಜನರೇಶನ್‌ನಿಂದ. 7ನೇ ಜನರೇಶನ್‌ನ ಬೆರಳೆಣಿಕೆಯ ಮಾಡೆಲ್‌ಗಳಿಗೆ ಮಾತ್ರ ವಿನಾಯಿತಿ. ವಿಂಡೋಸ್ 11 ಕೇಳುವ ಭದ್ರತೆಯ ಸೌಲಭ್ಯಗಳಾದ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ನನ್ನದರಲ್ಲಿ ಇವೆ, ರ‍್ಯಾಮ್ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. 7ನೇ ಜನರೇಶನ್‌ನ ಪ್ರೊಸೆಸರ್ ಒಂದೇ ಅಡ್ಡಿ. ಅಂಗಡಿಯಲ್ಲಿ ವಿಚಾರಿಸಿದಾಗ ಹೊಸದನ್ನೇ ತೆಗೆದುಕೊಳ್ಳಿ ಅಂದರು. ಸುಮಾರಾದ ಒಂದಕ್ಕೇ 40 ಸಾವಿರ ರೂಪಾಯಿ ದಾಟುತ್ತಿತ್ತು. ಕೀಬೋರ್ಡ್, ಸ್ಕ್ರೀನ್ ಎಲ್ಲ ಗಟ್ಟಿಯಾಗಿರುವ ಯಂತ್ರವನ್ನು ಮೂಲೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಯಾವ ಓಎಸ್ ಹಾಕುವುದಿದ್ದರೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ವೇಗವಾಗಿ ಓಡುವ ಹೊಸ ಬಗೆಯ ಡಿಸ್ಕ್) ಹಾಕಿಸಿ. ನಾನು 240 ಜಿಬಿಯದ್ದು ಹಾಕಿಸಿದೆ, 2 ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯಿತು. ಲ್ಯಾಪ್‌ಟಾಪ್ ನಿಧಾನ ಅಂತ ದೂರುವವರ ಮುಕ್ಕಾಲು ಪಾಲು ದೂರು ಇದರಿಂದಲೇ ಹೋಗುತ್ತದೆ. ಹಾರ್ಡ್ ಡಿಸ್ಕ್ ಮೇಲೆ ಓಡಿಸಿ ಯಾವ ಓಎಸ್ ಬಗ್ಗೆಯೂ ತೀರ್ಪು ಕೊಡಬೇಡಿ.

ಏನೂ ಬದಲಿಸದೆ ವಿಂಡೋಸ್ 10ರಲ್ಲೇ ಇನ್ನಷ್ಟು ದಿನ ಇರುವ ದಾರಿಯೂ ಉಂಟು. ಅದಕ್ಕೆ ಇಎಸ್‌ಯು, ಅಂದರೆ ಹೆಚ್ಚುವರಿ ಭದ್ರತಾ ಅಪ್‌ಡೇಟ್, ಅನ್ನುತ್ತಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದರೆ ದುಡ್ಡು ಕೊಡದೆ ಸಿಗುತ್ತದೆ. ಇಲ್ಲವಾದರೆ 30 ಡಾಲರ್, ಅಥವಾ ಸಾವಿರ ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್. 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಬರುತ್ತದೆ, ಹೊಸ ಸೌಲಭ್ಯ ಯಾವುದೂ ಇಲ್ಲ. ಯಾವುದಕ್ಕೆ ಹೋಗಬೇಕು ಅನ್ನುವುದನ್ನು ನಿಧಾನವಾಗಿ ತೀರ್ಮಾನಿಸಲು ಈ ಸಮಯ ಒಳ್ಳೆಯದು. ನಾನೂ ಇದನ್ನು ಹಾಕಿಸಿಕೊಂಡೇ ಉಳಿದವನ್ನು ನೋಡಲು ಕೂತೆ.

ವಿಂಡೋಸ್ 11ನ್ನು ಹೀಗೆ ಪಟ್ಟಿಯಲ್ಲಿ ಇಲ್ಲದ ಯಂತ್ರಕ್ಕೂ ಹಾಕಬಹುದು. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವ್ ತಯಾರಿಸುವಾಗಲೇ ಆ ತಪಾಸಣೆಗಳನ್ನು ತೆಗೆದುಹಾಕುವ ಆಯ್ಕೆ ಇದೆ. ಹಾಕಿದೆ, ಸಲೀಸಾಗಿ ಆಯಿತು. ಎಸ್‌ಎಸ್‌ಡಿ ಇದ್ದದ್ದರಿಂದ ವೇಗವೂ ಪರವಾಗಿಲ್ಲ. ಕನ್ನಡ ಟೈಪಿಂಗ್‌ಗೆ ನಾನು ಬಳಸುವ ನುಡಿ ತಂತ್ರಾಂಶ ಮೊದಲಿನಂತೆಯೇ ಕೆಲಸ ಮಾಡಿತು, ಹಳೆಯ ಫೈಲ್‌ಗಳು ಹಾಗೇ ತೆರೆದವು. ಬಳಸುವ ಅನುಭವದಲ್ಲಿ ನನಗೆ ದೊಡ್ಡ ತಕರಾರು ಇಲ್ಲ.

ತಕರಾರು ಇರುವುದು ಮುಂದಿನ ದಿನಗಳ ಬಗ್ಗೆ. ಪಟ್ಟಿಯಲ್ಲಿ ಇಲ್ಲದ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತಮಗಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಬರೆದಿದೆ. ತಿಂಗಳ ಅಪ್‌ಡೇಟ್ ಈಗ ಬರುತ್ತದೆ, ನಿಜ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ನಾವೇ ಮತ್ತೆ ಪೆನ್‌ಡ್ರೈವ್ ಮಾಡಿಕೊಂಡು ಹಾಕಬೇಕು. 24ಎಚ್2 ಆವೃತ್ತಿಯಲ್ಲಿ ಪಾಪ್‌ಕೌಂಟ್ ಎಂಬ ಸೂಚನೆ ಇಲ್ಲದ ತೀರಾ ಹಳೆಯ ಪ್ರೊಸೆಸರ್‌ಗಳು ಬೂಟ್ ಆಗುವುದೇ ನಿಂತುಹೋಯಿತು. ನನ್ನ ಪ್ರೊಸೆಸರ್ ಅಷ್ಟು ಹಳೆಯದಲ್ಲ. ಆದರೂ ಅಚ್ಚಿಗೆ ಹೋಗಬೇಕಾದ ಪುಸ್ತಕ ಕೈಯಲ್ಲಿರುವಾಗ, ಈ ಸಲದ ಅಪ್‌ಡೇಟ್ ಬರುತ್ತದೋ ಇಲ್ಲವೋ ಅಂತ ಕಾಯುತ್ತಾ ಕೂರಲು ನನ್ನಿಂದಾಗದು.

ಕ್ರೋಮ್ಓಎಸ್ ಫ್ಲೆಕ್ಸ್ ಬಗ್ಗೆ ಹೇಳುವುದು ಕಡಿಮೆ. ಗೂಗಲ್‌ನದ್ದು, ಉಚಿತ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಮೂರರಲ್ಲಿ ಬೇಗ ತೆರೆಯುವುದು ಇದೇ. 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೂ ಸಾಕು. ಆದರೆ ಇದರಲ್ಲಿ ಪ್ಲೇ ಸ್ಟೋರ್ ಇಲ್ಲ, ಹಾಗಾಗಿ ಫೋನಿನ ಆ್ಯಪ್‌ಗಳು ಸಿಗುತ್ತವೆ ಅಂದುಕೊಂಡು ಹಾಕಬೇಡಿ. ಡಿಸ್ಕ್‌ನಲ್ಲಿ ಹಾಕಿದರೆ ಇಡೀ ಡಿಸ್ಕ್ ಅಳಿಸಿಯೇ ಹಾಕಬೇಕು, ವಿಂಡೋಸ್ ಪಕ್ಕದಲ್ಲಿ ಇಟ್ಟುಕೊಳ್ಳುವಂತಿಲ್ಲ. ಬ್ರೌಸರ್ ಬಿಟ್ಟು ಬೇರೇನೂ ಬೇಡ ಅನ್ನುವವರಿಗೆ, ಮನೆಯ ಹಿರಿಯರಿಗೆ ಯೂಟ್ಯೂಬ್ ಮತ್ತು ಮೇಲ್ ನೋಡಲು, ಇದು ಚೆನ್ನಾಗಿದೆ. ಆರುನೂರು ಪುಟದ ಕರಡನ್ನು ಬ್ರೌಸರ್‌ನೊಳಗೆ ತಿದ್ದುವುದು ನನಗೆ ಆಗಿಬರಲಿಲ್ಲ.

ಇನ್ನು ಮಿಂಟ್. ನಾನು ಹಾಕಿದ್ದು 22ರ ಸರಣಿ, ಸಿನಮನ್ ಆವೃತ್ತಿ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ನಿಂತಿರುವುದರಿಂದ 2029ರವರೆಗೆ ಅಪ್‌ಡೇಟ್ ಇದೆ. ಕೆಳಗಡೆ ಪಟ್ಟಿ, ಎಡ ಮೂಲೆಯಲ್ಲಿ ಮೆನು. ವಿಂಡೋಸ್ ಬಳಸಿದವರ ಕೈ ತಾನಾಗೇ ಹೊಂದಿಕೊಳ್ಳುತ್ತದೆ. ಕೆಲಸದ ನಡುವೆ ತಾನಾಗೇ ರೀಸ್ಟಾರ್ಟ್ ಆಗುವುದಿಲ್ಲ. ಟೈಮ್‌ಶಿಫ್ಟ್ ಎಂಬ ಸೌಲಭ್ಯ ಹಾಕಿಕೊಂಡರೆ, ಏನಾದರೂ ಕೆಟ್ಟಾಗ ಸಿಸ್ಟಮ್ಮನ್ನು ಹಿಂದಿನ ದಿನದ ಸ್ಥಿತಿಗೆ ಒಯ್ಯಬಹುದು. ನಿಮ್ಮ ಸ್ವಂತ ಫೈಲ್‌ಗಳ ಬ್ಯಾಕಪ್ ಅದರಲ್ಲಿ ಸೇರಿರುವುದಿಲ್ಲ, ಅದನ್ನು ಬೇರೆಯಾಗಿ ಮಾಡಬೇಕು.

ಇಷ್ಟೆಲ್ಲ ಸರಿಯಿದ್ದ ಕಡೆ ಒಂದೇ ಒಂದು ವಿಷಯ ನನ್ನನ್ನು ಬಹಳ ಸತಾಯಿಸಿತು. ಕನ್ನಡ ಟೈಪಿಂಗ್. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನುಡಿ ಬಳಸುವ ಬಹಳ ಜನ ಲಿನಕ್ಸ್ ಕಡೆ ಬಂದು ಇಲ್ಲೇ ಬೇಸತ್ತು ವಾಪಸ್ ಹೋಗುತ್ತಾರೆ.

ನುಡಿಯಲ್ಲಿ ಇರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಅದನ್ನು ಕಗಪ ಅನ್ನುತ್ತಾರೆ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಮುಗಿಯಿತು. ಎಫ್ ಒತ್ತಿದರೆ ಒತ್ತಕ್ಷರ ಆಗುತ್ತದೆ. ಕೆ ಆದ ಮೇಲೆ ಐ ಒತ್ತಿದರೆ 'ಕಿ', ಪದದ ಮೊದಲಲ್ಲಿ ಅದೇ ಐ ಒತ್ತಿದರೆ 'ಇ'. ನಾವು ಯೋಚಿಸುವುದೇ ಬೇಡ, ವರ್ಷಗಳಿಂದ ಬೆರಳಿಗೆ ಅಂಟಿಕೊಂಡಿರುವ ಅಭ್ಯಾಸ.

ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ಗೆ ಹೋದರೆ ಲೇಔಟ್‌ಗಳ ಪಟ್ಟಿಯಲ್ಲಿ 'ಕನ್ನಡ, ಕಗಪ ಫೊನೆಟಿಕ್' ಎಂದೇ ಇದೆ. ನೋಡಿ ಖುಷಿಯಾಗುತ್ತದೆ. ಸೇರಿಸಿ ಟೈಪ್ ಮಾಡಲು ಕೂತರೆ ವ್ಯಂಜನಗಳು ಸರಿ, ಎಫ್ ಒತ್ತಿದರೆ ಒತ್ತಕ್ಷರವೂ ಸರಿ, ಆದರೆ ಸ್ವರಗಳು ಕೈಕೊಡುತ್ತವೆ. ಬಿಡಿ ಸ್ವರ ಬೇಕೋ ಗುಣಿತದ ಚಿಹ್ನೆ ಬೇಕೋ ಅನ್ನುವುದನ್ನು ನಾವೇ ಹೇಳಬೇಕು, ಅದಕ್ಕಾಗಿ ಬಲಗಡೆಯ ಆಲ್ಟ್ ಕೀಯನ್ನು ಹಿಡಿದು ಬಿಟ್ಟು ಮಾಡಬೇಕು. ಒಂದು ವಾಕ್ಯ ಹೊಡೆಯುವಷ್ಟರಲ್ಲಿ ಸಾಕಾಗುತ್ತದೆ. ಕಾರಣ ಇಷ್ಟೇ: ಈ ಲೇಔಟ್ ಕೆಲಸ ಮಾಡುವ ಮಟ್ಟದಲ್ಲಿ ಒಂದು ಕೀಗೆ ಒಂದು ಅಕ್ಷರ ಎಂಬ ಲೆಕ್ಕ. ಹಿಂದೆ ಒತ್ತಿದ್ದು ವ್ಯಂಜನವೋ ಅಲ್ಲವೋ ಎಂಬ ನೆನಪು ಅದಕ್ಕೆ ಇರುವುದಿಲ್ಲ. ನುಡಿ ಆ ನೆನಪು ಇಟ್ಟುಕೊಳ್ಳುತ್ತದೆ.

ಹಾಗೆ ನೆನಪು ಇಟ್ಟುಕೊಳ್ಳುವ ವ್ಯವಸ್ಥೆ ಲಿನಕ್ಸ್‌ನಲ್ಲೂ ಇದೆ, ಆದರೆ ಅದು ಬೇರೆ ಜಾಗದಲ್ಲಿದೆ. ಅದರ ಹೆಸರು ಐಬಸ್. ಮೆನುವಿನಲ್ಲಿ 'ಇನ್‌ಪುಟ್ ಮೆಥಡ್' ಅಂತ ಹುಡುಕಿ, ಅಲ್ಲಿ ಐಬಸ್ ಆರಿಸಿ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ ಎಂಬ ಪ್ಯಾಕೇಜನ್ನೂ ಹಾಕಿಕೊಳ್ಳಿ. ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ, ಇಲ್ಲದಿದ್ದರೆ ಏನೂ ಬದಲಾದಂತೆ ಕಾಣುವುದಿಲ್ಲ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ 'ಕೆಜಿಪಿ' ಎಂದು ಇರುವುದನ್ನು ಸೇರಿಸಿ. ಅದೇ ನಮ್ಮ ಕಗಪ. ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಅಂತ ಬೇರೆಯವೂ ಅಲ್ಲೇ ಇರುತ್ತವೆ, ಅವಕ್ಕೆ ಕೈ ಹಾಕಬೇಡಿ. ಮೊದಲು ಸೇರಿಸಿದ್ದ ಫೊನೆಟಿಕ್ ಲೇಔಟನ್ನು ತೆಗೆದುಬಿಡಿ. ಎರಡೂ ಇದ್ದರೆ ಯಾವುದು ಓಡುತ್ತಿದೆ ಅನ್ನುವುದೇ ತಿಳಿಯದೆ ತಲೆ ಕೆಡುತ್ತದೆ.

ಇಷ್ಟಾದ ಮೇಲೆ ಬೆರಳುಗಳು ಮೊದಲಿನಂತೆ ಓಡಿದವು. ಕನ್ನಡದಿಂದ ಇಂಗ್ಲಿಷ್‌ಗೆ ಬದಲಿಸಲು ನುಡಿಯ ಸ್ಕ್ರೋಲ್ ಲಾಕ್ ಬದಲು ಇಲ್ಲಿ ಸೂಪರ್ ಕೀ ಜೊತೆ ಸ್ಪೇಸ್. ಅಂದರೆ ವಿಂಡೋಸ್ ಗುರುತಿನ ಕೀ. ಇದು ನನಗೆ ಸ್ಕ್ರೋಲ್ ಲಾಕ್‌ಗಿಂತ ಇಷ್ಟವಾಯಿತು, ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಯೇ ಇರುವುದಿಲ್ಲ.

ಟೈಪಿಂಗ್ ಆಯಿತು, ಹಳೆಯ ಫೈಲ್‌ಗಳ ಕಥೆ ಬಾಕಿ ಇತ್ತು. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಬಳಕೆಗೆ ಬರುವ ಮುಂಚೆ ನುಡಿ ಫಾಂಟ್‌ನಲ್ಲಿ ಹೊಡೆದ ಫೈಲ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಮಿಂಟ್‌ನಲ್ಲಿ ಆ ಫಾಂಟ್ ಇಲ್ಲದ್ದರಿಂದ ತೆರೆದ ಕೂಡಲೇ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಗಾಬರಿಯಾಗಬೇಡಿ, ಫೈಲ್ ಕೆಟ್ಟಿಲ್ಲ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿದ್ದ ನುಡಿ ಫಾಂಟ್‌ಗಳನ್ನು ತಂದು ಹಾಕಿದರೆ ಓದಲು ಬರುತ್ತದೆ. ಆದರೆ ಅದರಲ್ಲಿ ಕನ್ನಡ ಪದ ಹುಡುಕಲು ಆಗುವುದಿಲ್ಲ. ಬ್ರೌಸರ್‌ನಲ್ಲೇ ನಡೆಯುವ ಯೂನಿಕೋಡ್ ಪರಿವರ್ತಕಗಳಿವೆ, ನಾನು ಬೇಕಾದ ಫೈಲ್‌ಗಳನ್ನೆಲ್ಲ ಅದರಲ್ಲಿ ಹಾಕಿ ಬದಲಿಸಿಕೊಂಡೆ. ಬದಲಿಸಿದ್ದನ್ನು ಒಮ್ಮೆ ಕಣ್ಣಾಡಿಸಬೇಕು. ಅರ್ಕಾವೊತ್ತು ಇರುವ ಕಡೆ, ನಡುವೆ ಇಂಗ್ಲಿಷ್ ಪದ ಬಂದ ಕಡೆ ಎಡವಟ್ಟಾಗುತ್ತದೆ. ಈ ಕೆಲಸ ವಿಂಡೋಸ್‌ನಲ್ಲೇ ಇದ್ದರೂ ಒಂದಲ್ಲ ಒಂದು ದಿನ ಮಾಡಲೇಬೇಕಾದದ್ದು.

ಬರವಣಿಗೆಗೆ ಬಳಸುವ ಲಿಬ್ರೆಆಫೀಸ್ ತಂತ್ರಾಂಶದಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಯೂನಿಕೋಡ್ ಕನ್ನಡವನ್ನು ಅದು ಇಂಗ್ಲಿಷ್‌ನಿಂದ ಬೇರೆಯಾಗಿ, 'ಕಾಂಪ್ಲೆಕ್ಸ್ ಟೆಕ್ಸ್ಟ್' ಎಂಬ ಗುಂಪಿನಲ್ಲಿ ಇಡುತ್ತದೆ. ಫಾಂಟ್ ಮತ್ತು ಅಳತೆ ಎರಡೂ ಬೇರೆ. ಇಂಗ್ಲಿಷ್ 12 ಪಾಯಿಂಟ್ ಇಟ್ಟಿದ್ದರೂ ಕನ್ನಡ ಬೇರೆ ಅಳತೆಯಲ್ಲಿ ಬಂದರೆ ಕಾರಣ ಇದೇ. ಲ್ಯಾಂಗ್ವೇಜ್ ಸೆಟ್ಟಿಂಗ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್‌ಗೆ ಕನ್ನಡ ಆರಿಸಿ, ಸ್ಟೈಲ್‌ನಲ್ಲಿ ಫಾಂಟ್ ಕೊಟ್ಟರೆ ಸರಿಯಾಗುತ್ತದೆ. ಫಾಂಟ್‌ಗಳಿಗೆ ಬರವಿಲ್ಲ. ನೋಟೊ ಇದೆ, ಲೋಹಿತ್ ಇದೆ, ಗುಬ್ಬಿ ಮತ್ತು ನವಿಲು ಕೂಡ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ.

ವೈಫೈ, ಬ್ಲೂಟೂತ್, ಟಚ್‌ಪ್ಯಾಡ್ ಮೂರಕ್ಕೂ ಏನೂ ಮಾಡಬೇಕಾಗಲಿಲ್ಲ. ಪ್ರಿಂಟರ್ ತಾನಾಗೇ ಸಿಕ್ಕಿತು. ಬ್ಯಾಟರಿ ಮೂರರಲ್ಲೂ ಹೆಚ್ಚುಕಡಿಮೆ ಒಂದೇ.

ಆದರೆ ಮಿಂಟ್ ಬೇಡ ಅಂತ ನಾನೇ ಹೇಳುವ ಜನರೂ ಇದ್ದಾರೆ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಡಿಟಿಪಿಯವರು ಈ ಕಡೆ ಬರಬೇಡಿ. ಲಿನಕ್ಸ್‌ನಲ್ಲಿ ಪುಟ ಕಟ್ಟಲು ಇರುವ ಸ್ಕ್ರೈಬಸ್ ಈಗ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಆದರೆ ನಿಮ್ಮ ಹತ್ತು ವರ್ಷದ ಪೇಜ್‌ಮೇಕರ್ ಫೈಲ್‌ಗಳು ಅದರಲ್ಲಿ ಇದ್ದಂತೆಯೇ ತೆರೆಯುತ್ತವೆ ಅಂತ ನಂಬುವಂತಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಟೆಂಡರ್‌ಗೆ ಯುಎಸ್‌ಬಿ ಟೋಕನ್‌ನಿಂದ ಡಿಜಿಟಲ್ ಸಹಿ ಹಾಕುವವರು ಕೂಡ ವಿಂಡೋಸ್‌ನಲ್ಲೇ ಇರುವುದು ಕ್ಷೇಮ. ಅಂಥವರು ಇಎಸ್‌ಯು ಹಾಕಿಸಿಕೊಂಡು, ಆ ಸಮಯದಲ್ಲಿ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕಲಿ. ಹೊಸದಕ್ಕಿಂತ ತುಂಬಾ ಕಡಿಮೆಗೆ ಸಿಗುತ್ತದೆ.

ಬರೆಯುವುದು, ಓದುವುದು, ಪಾಠ ತಯಾರಿಸುವುದು, ಬ್ರೌಸರ್, ಇಷ್ಟೇ ಕೆಲಸ ಇರುವವರು ಮಾತ್ರ ಹೊಸ ಲ್ಯಾಪ್‌ಟಾಪ್‌ಗೆ ಸಾಲ ಮಾಡಬೇಡಿ. ಎಸ್‌ಎಸ್‌ಡಿ ಹಾಕಿಸಿ, ಮಿಂಟ್ ಹಾಕಿ. ಪೆನ್‌ಡ್ರೈವ್‌ನಿಂದ ಓಡಿಸಿ ನೋಡುವ ಅವಕಾಶ ಇದೆ, ನಿಮ್ಮ ವೈಫೈ ಮತ್ತು ಸೌಂಡ್ ಕೆಲಸ ಮಾಡುತ್ತಿವೆಯೇ ಎಂದು ಅಲ್ಲೇ ತಿಳಿಯುತ್ತದೆ. ಡಿಸ್ಕ್ ಅಳಿಸುವ ಮುಂಚೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಆನ್ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಫೋಟೋ, ಫೈಲ್‌ಗಳನ್ನು ಎರಡು ಕಡೆ ನಕಲು ಮಾಡಿ. ನುಡಿ ಫಾಂಟ್‌ಗಳನ್ನೂ ಅದರ ಜೊತೆಗೇ ಎತ್ತಿಡಿ.