ಹಳೆಯ 1911 ಪಿಸ್ತೂಲಿಗೆ ಬೀವರ್‌ಟೇಲ್ ಹಾಕಿಸಿ ಮೂರು ವರ್ಷ: ಹ್ಯಾಮರ್ ಕಚ್ಚುವುದು ನಿಂತಿದೆ

ನನ್ನ ಬಲಗೈಯಲ್ಲಿ, ಹೆಬ್ಬೆರಳೂ ತೋರುಬೆರಳೂ ಸೇರುವ ಕಡೆ, ಎರಡು ಸಣ್ಣ ಬಿಳಿ ಕಲೆಗಳಿವೆ. ಎರಡೂ ನನ್ನ ಹಳೆಯ 1911 ಪಿಸ್ತೂಲಿನ ಹ್ಯಾಮರ್, ಅಂದ್ರೆ ಗುಂಡು ಹಾರಿಸಲು ಪೆಟ್ಟು ಕೊಡುವ ಹಿಂದಿನ ಸುತ್ತಿಗೆ, ಕಚ್ಚಿದ ಗುರುತು. ಈ ಪಿಸ್ತೂಲು ಅಂದ್ರೆ ನನಗೆ ತುಂಬಾ ಇಷ್ಟ, ಮಾರುವ ಮಾತೇ ಇಲ್ಲ. ಆದರೆ ರೇಂಜ್‌ನಲ್ಲಿ ಎರಡನೇ ಮ್ಯಾಗಜಿನ್ ಮುಗಿಯುವಷ್ಟರಲ್ಲಿ ಚರ್ಮ ಕೆಂಪಾಗುತ್ತಿತ್ತು, ನಾಲ್ಕನೆಯದಕ್ಕೆ ರಕ್ತ.

ಇದು ಯಾಕೆ ಆಗುತ್ತೆ ಅಂದ್ರೆ, ಗುಂಡು ಹಾರಿದ ಮೇಲೆ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ಬಂದು ಹ್ಯಾಮರನ್ನು ಬಗ್ಗಿಸುತ್ತದೆ, ಕಾಕ್ ಆಗಿ, ಅಂದ್ರೆ ಹಾರಲು ಸಿದ್ಧವಾಗಿ, ನಿಲ್ಲುವ ಜಾಗಕ್ಕಿಂತ ಇನ್ನೂ ಸ್ವಲ್ಪ ಕೆಳಗೇ ತಳ್ಳುತ್ತದೆ. ಆ ಕ್ಷಣದಲ್ಲಿ ಹ್ಯಾಮರಿನ ಉದ್ದ ಬಾಲಕ್ಕೂ ಗ್ರಿಪ್ ಸೇಫ್ಟಿಯ (ಹಿಡಿಯ ಹಿಂಬದಿಯಲ್ಲಿದ್ದು, ಅಂಗೈ ಒತ್ತಿದರೆ ಮಾತ್ರ ಟ್ರಿಗರ್ ಕೆಲಸ ಮಾಡಲು ಬಿಡುವ ಭಾಗ) ಮೋಟು ತುದಿಗೂ ನಡುವೆ ಕೈಯ ಚರ್ಮ ಸಿಕ್ಕಿಕೊಳ್ಳುತ್ತದೆ. ಅಂಗೈ ದಪ್ಪ ಇದ್ದವರಿಗೆ, ಪಿಸ್ತೂಲನ್ನು ಎತ್ತರದಲ್ಲಿ ಹಿಡಿಯುವವರಿಗೆ ಈ ಕಾಟ ಜಾಸ್ತಿ. ಇದು ಹೊಸ ದೂರೂ ಅಲ್ಲ. ಅಮೆರಿಕದ ಸೇನೆ 1920ರ ದಶಕದಲ್ಲೇ ಗ್ರಿಪ್ ಸೇಫ್ಟಿಯ ತುದಿ ಉದ್ದ ಮಾಡಿಸಿ, ಹ್ಯಾಮರಿನ ಬಾಲ ಚಿಕ್ಕದು ಮಾಡಿಸಿತು. ಅದೇ ಎ1 ಮಾದರಿ. ನನ್ನದರಲ್ಲಿ ಇದ್ದದ್ದು ಅದಕ್ಕೂ ಹಿಂದಿನ ನಮೂನೆಯ ಭಾಗಗಳು.

ಮೊದಲು ಸುಲಭದ ದಾರಿಗಳನ್ನೇ ಹಿಡಿದೆ. ಕೈಗೆ ಟೇಪ್ ಸುತ್ತಿದೆ, ಬೆವರಿಗೆ ಜಾರಿತು. ಗ್ಲೌಸ್ ಹಾಕಿದರೆ ಟ್ರಿಗರ್ ಸರಿಯಾಗಿ ತಿಳಿಯುವುದಿಲ್ಲ. ಹಿಡಿತ ಕೆಳಗಿಳಿಸಿದಾಗ ಕಚ್ಚುವುದೇನೋ ನಿಂತಿತು, ಆದರೆ ಪ್ರತಿ ಗುಂಡಿಗೂ ನಳಿಗೆ ಮೇಲಕ್ಕೆ ಹಾರಲು ಶುರುವಾಯಿತು, ಗುರಿ ಹಾಳಾಯಿತು. ನೋವು ತಪ್ಪಿಸಲು ಗುರಿ ಬಿಟ್ಟುಕೊಡೋದು ಯಾವ ನ್ಯಾಯ?

ಕೊನೆಗೆ ಬೀವರ್‌ಟೇಲ್ ಗ್ರಿಪ್ ಸೇಫ್ಟಿ ತರಿಸಿದೆ. ಹಿಂದಕ್ಕೆ ಚಾಚಿ ಮೇಲಕ್ಕೆ ಬಾಗಿದ ಅಗಲ ತುದಿ, ಕೈ ಅದರ ಕೆಳಗೆ ಕೂರುತ್ತದೆ. ಫ್ರೇಮನ್ನು, ಅಂದ್ರೆ ಪಿಸ್ತೂಲಿನ ಒಡಲನ್ನು, ಅರದಿಂದ ಉಜ್ಜಿ ಕೂರಿಸುವ ಬಗೆ ಒಂದು, ಉಜ್ಜದೆ ಹಾಗೇ ಕೂರುವ ಬಗೆ ಇನ್ನೊಂದು. ನಾನು ಎರಡನೆಯದನ್ನೇ ಆರಿಸಿದೆ. ಹಳೆಯ ಫ್ರೇಮಿನ ಲೋಹ ಒಮ್ಮೆ ಹೋದರೆ ಹೋಯಿತು, ವಾಪಸ್ ಬರೋಲ್ಲ ಅಲ್ವಾ? ತೆಗೆದ ಭಾಗಗಳನ್ನು ಎಣ್ಣೆ ಸವರಿ ಡಬ್ಬಿಯಲ್ಲಿಟ್ಟಿದ್ದೇನೆ.

ಇದರ ಜೊತೆ ಹ್ಯಾಮರ್ ಕೂಡ ಬದಲಾಯಿಸಬೇಕಾಯಿತು. ಹಳೆಯ ಉದ್ದ ಬಾಲ ಬೀವರ್‌ಟೇಲಿಗೆ ತಾಗುತ್ತದೆ, ಹಾಗಾಗಿ ದುಂಡು ತಲೆಯ ಕಮಾಂಡರ್ ನಮೂನೆ ಹಾಕಿಸಿದೆ. ಈ ಕೆಲಸವನ್ನು ದಯವಿಟ್ಟು ಗನ್‌ಸ್ಮಿತ್‌ಗೇ ಬಿಡಿ. ಹೊಸ ಹ್ಯಾಮರಿನ ಕಚ್ಚು ಅದನ್ನು ಕಾಕ್ ಆದ ಜಾಗದಲ್ಲಿ ಹಿಡಿದಿಡುವ ಹಳೆಯ ಸಿಯರ್ ಜೊತೆ ಸರಿಯಾಗಿ ಕೂರದಿದ್ದರೆ ಪಿಸ್ತೂಲು ಟ್ರಿಗರ್ ಮುಟ್ಟದೆಯೇ ಹಾರಬಹುದು.

ಮೊದಲ ಬೀವರ್‌ಟೇಲ್ ನನಗೆ ಕೈಕೊಟ್ಟಿತು. ಅದರ ಬೆನ್ನು ನುಣ್ಣಗಿತ್ತು. ಕೈ ಮೇಲಕ್ಕೆ ಹೋದಾಗ ಅಂಗೈಯ ಗುಳಿ ಸರಿಯಾಗಿ ಸೇಫ್ಟಿಯ ಮೇಲೆ ಬರುತ್ತದೆ, ಅಲ್ಲಿ ಒತ್ತಡವೇ ಬೀಳೋದಿಲ್ಲ. ಗುರಿ ಹಿಡಿದು ಟ್ರಿಗರ್ ಎಳೆದರೆ ಅದು ಕಲ್ಲಿನ ಹಾಗೆ ಅಲ್ಲಾಡದೆ ನಿಲ್ಲುತ್ತಿತ್ತು. ಹತ್ತರಲ್ಲಿ ಎರಡು ಸಲ ಹೀಗಾಗುತ್ತಿತ್ತು. ಆಮೇಲೆ ಹಾಕಿಸಿದ ಎರಡನೆಯ ಬೀವರ್‌ಟೇಲಿನ ಕೆಳತುದಿಯಲ್ಲಿ ಬೆರಳುಗುರಿನಷ್ಟು ಉಬ್ಬಿದೆ. ಆ ಉಬ್ಬು ಅಂಗೈಗೆ ತಾಗಿ ಸೇಫ್ಟಿ ಪೂರ್ತಿ ಒಳಗೆ ಹೋಗುತ್ತದೆ. ಕೊಳ್ಳುವಾಗ ಮೊದಲು ಈ ಉಬ್ಬನ್ನೇ ನೋಡಿ, ಬಣ್ಣ ಆಮೇಲೆ.

ಹಾಕಿಸಿದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಮ್ಯಾಗಜಿನ್ ತೆಗೆಯಿರಿ, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಎಂದು ಎರಡು ಸಲ ನೋಡಿ. ಹ್ಯಾಮರ್ ಕಾಕ್ ಮಾಡಿ, ಗ್ರಿಪ್ ಸೇಫ್ಟಿಗೆ ಅಂಗೈ ತಾಗದ ಹಾಗೆ ಹಿಡಿದು, ಸುರಕ್ಷಿತ ದಿಕ್ಕಿಗೆ ತಿರುಗಿಸಿ ಟ್ರಿಗರ್ ಎಳೆಯಿರಿ. ಹ್ಯಾಮರ್ ಬೀಳಬಾರದು. ಬಿದ್ದರೆ ಆ ಪಿಸ್ತೂಲಿಗೆ ಗುಂಡು ತುಂಬಬೇಡಿ, ವಾಪಸ್ ತೆಗೆದುಕೊಂಡು ಹೋಗಿ. ನಾನು ಪ್ರತಿ ಸಲ ಬಿಚ್ಚಿ ಒರೆಸಿದ ಮೇಲೂ ಇದನ್ನು ಮಾಡುತ್ತೇನೆ.

ಮೂರು ವರ್ಷದಲ್ಲಿ ಸುಮಾರು ನಾಲ್ಕು ಸಾವಿರ ಗುಂಡು ಹಾರಿಸಿದ್ದೇನೆ. ಒಂದು ಸಲವೂ ಕಚ್ಚಿಲ್ಲ. ಪೆಟ್ಟು ಒಂದೇ ಕಡೆ ಚುಚ್ಚುವ ಬದಲು ಅಗಲವಾಗಿ ಹರಡುತ್ತದೆ, ಗುಂಡುಗಳು ಹತ್ತಿರ ಹತ್ತಿರ ಬೀಳುತ್ತಿವೆ. ಕೊರತೆಯೂ ಇದೆ. ಫ್ರೇಮಿಗೂ ಬೀವರ್‌ಟೇಲಿಗೂ ನಡುವೆ ಸಂದು ಕಾಣುತ್ತದೆ, ಅಲ್ಲಿ ಮಸಿ ಸೇರುತ್ತದೆ, ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ ತೆಗೆಯಬೇಕು. ಹೊಸ ಭಾಗದ ಕಪ್ಪು ಬಣ್ಣ ಹಳೆಯ ಮಾಸಿದ ಬೂದು ಬಣ್ಣಕ್ಕೆ ಹೊಂದಿಲ್ಲ. ನೋಡಿದಾಗೆಲ್ಲ ಸ್ವಲ್ಪ ಬೇಜಾರಾಗುತ್ತೆ.

ಬ್ರೌನಿಂಗ್ ಹೈ-ಪವರ್ ಪಿಸ್ತೂಲು ಇರುವವರಿಗೆ ಈ ದಾರಿ ಇಲ್ಲ. ಅದರಲ್ಲಿ ಗ್ರಿಪ್ ಸೇಫ್ಟಿಯೇ ಇಲ್ಲ, ಹಿಂದಿನ ತುದಿ ಫ್ರೇಮಿನದೇ ಭಾಗ. ಅಲ್ಲಿ ಹ್ಯಾಮರ್ ಬದಲಾಯಿಸಬೇಕು, ಇಲ್ಲವೇ ಅದರ ತುದಿಯನ್ನು ಮೊಟಕು ಮಾಡಿಸಬೇಕು. ಇನ್ನು ಕೈ ಮೇಲೆ ಎರಡು ಸಮಾನಾಂತರ ಗೀರು ಬೀಳುತ್ತಿದ್ದರೆ ಅದು ಹ್ಯಾಮರ್ ಅಲ್ಲ, ಸ್ಲೈಡ್ ಕೊಯ್ಯುತ್ತಿದೆ. ಅದಕ್ಕೆ ಹ್ಯಾಮರ್ ಬದಲಾಯಿಸಿ ಸುಮ್ನೆ ದುಡ್ಡು ಹಾಕಬೇಡಿ.