ಗುಮ್ಮಟದ ತೆರೆಗೆ ಅನಿಮೇಷನ್ ಮಾಡುವವರೇ, ಲ್ಯಾಪ್‌ಟಾಪಿನ ವೃತ್ತವನ್ನು ನಂಬಬೇಡಿ

ಹೊರರಾಜ್ಯದ ತಾರಾಲಯವೊಂದಕ್ಕೆ 12 ನಿಮಿಷಗಳ ಚಿತ್ರವೊಂದನ್ನು ಮಾಡಿಕೊಡಲು ಒಪ್ಪಿಕೊಂಡು, ಮೂರು ತಿಂಗಳ ದುಡಿಮೆಯನ್ನೂ ಸಂಭಾವನೆಯ ಅರ್ಧವನ್ನೂ ಕಳೆದುಕೊಂಡವನು ನಾನು. ಟಿವಿ ಜಾಹೀರಾತುಗಳಿಗಾಗಿ ಹಲವು ವರ್ಷ ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ತಂತ್ರಾಂಶ ಬಳಸಿದ್ದೇನೆಂಬ ಧೈರ್ಯವೇ ನನ್ನನ್ನು ಹಳ್ಳಕ್ಕೆ ಕೆಡವಿತು. ಅದೇ ಧೈರ್ಯದಿಂದ ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಕೆಲಸ ತಂದುಕೊಟ್ಟ ಸ್ಟುಡಿಯೊದವರು, "ನೀವು ಎಂದಿನಂತೆ ಮಾಡಿ ಸಾರ್, ಕೊನೆಗೆ ಪೋಲಾರ್ ಕೋಆರ್ಡಿನೇಟ್ಸ್ ಎಫೆಕ್ಟ್ ಹಾಕಿದರೆ ಎಲ್ಲ ದುಂಡಗಾಗುತ್ತದೆ" ಎಂದಿದ್ದರು. ದುಂಡಗಾಯಿತು, ನಿಜ. ಆದರೆ ಆ ಎಫೆಕ್ಟ್ ಚಿತ್ರದ ಮೇಲಂಚನ್ನು ಪೂರ್ತಿಯಾಗಿ ಒಂದೇ ಬಿಂದುವಿಗೆ ಸೇರಿಸಿ, ಉಳಿದುದನ್ನು ಅದರ ಸುತ್ತ ಬಳಸಿಬಿಡುತ್ತದೆ. ಸುತ್ತಲೂ ಹಬ್ಬಿದ ಪನೋರಮಾ ಚಿತ್ರಕ್ಕೆ ಅದು ಒಂದು ಮಟ್ಟಿಗೆ ಹೊಂದುತ್ತದೆಯೇ ಹೊರತು, ಸಾಮಾನ್ಯ ಕ್ಯಾಮೆರಾದ ದೃಶ್ಯಕ್ಕೆ ಹಾಕಿದರೆ ನಡುನೆತ್ತಿಯಲ್ಲಿ ಆಕಾಶವನ್ನು ಗಂಟು ಕಟ್ಟಿದಂತೆ ಕಾಣುತ್ತದೆ.

ತಾರಾಲಯಗಳು ಕೇಳುವುದು ಡೋಮ್‌ಮಾಸ್ಟರ್ ಎಂಬ ಚೌಕಾಕಾರದ ಫ್ರೇಮುಗಳನ್ನು. ಚೌಕದೊಳಗಿನ ವೃತ್ತವೇ ಇಡೀ ಗುಮ್ಮಟ. ವೃತ್ತದ ನಡುವೆ ನೆತ್ತಿ, ಅಂಚಿನಲ್ಲಿ ದಿಗಂತ, ಕೆಳಭಾಗದಲ್ಲಿ ಪ್ರೇಕ್ಷಕರ ಮುಂಬದಿ. ನೆತ್ತಿಯಿಂದ ಕೋನ ಹೆಚ್ಚಿದಂತೆಲ್ಲ ಕೇಂದ್ರದಿಂದ ದೂರವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಕೇಳಲು ಸರಳವಾದ ಈ ನಿಯಮದ ಪರಿಣಾಮವಾಗಿ, ದಿಗಂತದ ಬಳಿ ಅಡ್ಡಗಲವು ಫ್ರೇಮಿನಲ್ಲಿ ಒಂದೂವರೆ ಪಟ್ಟಿಗೂ ತುಸು ಹೆಚ್ಚು ಹಿಗ್ಗಿರುತ್ತದೆ. ಇದನ್ನರಿಯದೆ ನಾನು ಅಂಚಿನ ಹತ್ತಿರ ಅಚ್ಚುಕಟ್ಟಾದ ದುಂಡು ಗುರುಗ್ರಹವನ್ನು ಕೂರಿಸಿದ್ದೆ. ಗುಮ್ಮಟದ ಮೇಲೆ ಅದು ನೆಟ್ಟಗೆ ನಿಲ್ಲಿಸಿದ ಮೊಟ್ಟೆಯಾಗಿತ್ತು. ನಿಜವಾದ ಗುರು ನಡುವಿನಲ್ಲಿ ಉಬ್ಬಿದ ಗ್ರಹ. ನಾನು ಅದರ ಸೊಂಟವನ್ನೇ ಕರಗಿಸಿದ್ದೆ. ಪ್ರತಿ ಲೇಯರನ್ನೂ ದಿಕ್ಕು ಮತ್ತು ಎತ್ತರದ ಕೋನಗಳಲ್ಲಿ ಕೂರಿಸುವ ಫುಲ್‌ಡೋಮ್ ಪ್ಲಗಿನ್ (ಸೇರ್ಪಡೆ ತಂತ್ರಾಂಶ) ಬಳಸಿದ್ದರೆ, ಅಥವಾ ಗ್ರಹವನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಚಿತ್ರಗಳನ್ನು ಲೆಕ್ಕಹಾಕಿ ಮೂಡಿಸುವ (ರೆಂಡರ್ ಮಾಡುವ) ಸೈಕಲ್ಸ್ ಭಾಗದಲ್ಲಿ, ಮೇಲಿನ ನಿಯಮವನ್ನೇ ಪಾಲಿಸುವ 180 ಡಿಗ್ರಿಯ ಈಕ್ವಿಡಿಸ್ಟೆಂಟ್ ಫಿಶ್‌ಐ ಕ್ಯಾಮೆರಾದಿಂದ ತೆಗೆದಿದ್ದರೆ ಈ ಅವಮಾನ ತಪ್ಪುತ್ತಿತ್ತು. ಬ್ಲೆಂಡರ್‌ಗೆ ಒಂದು ಪೈಸೆಯನ್ನೂ ಕೊಡಬೇಕಾಗಿರಲಿಲ್ಲ.

ಇನ್ನೊಂದು ತಪ್ಪನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಆಕಾಶದ ನಕ್ಷೆಯಲ್ಲಿ ಉತ್ತರ ಮೇಲಿದ್ದರೆ ಪೂರ್ವ ಎಡಕ್ಕಿರುತ್ತದೆ, ಏಕೆಂದರೆ ಅದು ತಲೆಯೆತ್ತಿ ನೋಡುವ ನಕ್ಷೆ. ಶಾಲೆಯ ಭೂಪಟದಲ್ಲಿ ಪೂರ್ವ ಬಲಕ್ಕಿರುವುದನ್ನು ನೋಡಿ ಬೆಳೆದ ನನಗೆ ಅದು ಯಾರೋ ಮಾಡಿದ ತಪ್ಪಿನಂತೆ ತೋರಿದ್ದರಿಂದ ಇಡೀ ನಕ್ಷತ್ರಪಟವನ್ನು ಎಡಬಲ ಅದಲುಬದಲು ಮಾಡಿಬಿಟ್ಟೆ. ಪರೀಕ್ಷಾ ಪ್ರದರ್ಶನದ ದಿನ ದಕ್ಷಿಣಕ್ಕೆ ಮುಖಮಾಡಿ ಕುಳಿತವರ ಬಲಗಡೆ, ಎಂದರೆ ಪಶ್ಚಿಮದಲ್ಲಿ, ಸೂರ್ಯ ಹುಟ್ಟಿದ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಲ್ಲಿ ನೋಡುಗರ ಎಡಕ್ಕಿರಬೇಕಾದ ಕೆಂಪು ಆರ್ದ್ರಾ ನಕ್ಷತ್ರವೂ ಬಲಕ್ಕೆ ಬಂದಿತ್ತು. ಅಲ್ಲಿನ ಹಿರಿಯ ಅಧಿಕಾರಿಯೊಬ್ಬರು ಏನನ್ನೂ ಹೇಳದೆ ದೀಪ ಹಾಕಿಸಿದರು.

ದೀಪ ಹೊತ್ತುವಷ್ಟರಲ್ಲಿ ಸಿಬ್ಬಂದಿಯಲ್ಲಿ ಇಬ್ಬರು ಕಣ್ಣು ಮುಚ್ಚಿಕೊಂಡಿದ್ದರು, ಅವರಿಗೆ ತಲೆ ಸುತ್ತುತ್ತಿತ್ತು. ಅದಕ್ಕೂ ಕಾರಣ ನಾನೇ. ಧೂಮಕೇತುವೊಂದನ್ನು ದಿಗಂತದಿಂದ ನೆತ್ತಿಗೆ ಎರಡು ಸೆಕೆಂಡುಗಳಲ್ಲಿ ಹಾರಿಸಿ, ಅದರ ಬೆನ್ನಹಿಂದೆಯೇ ಇಡೀ ಆಕಾಶವನ್ನೂ ಹೊರಳಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಅದು ಅಂಗೈಯಗಲದ ನಯವಾದ ಚಲನೆ. ಅಲ್ಲಿನ 15 ಮೀಟರ್ ವ್ಯಾಸದ ಗುಮ್ಮಟದಲ್ಲಾದರೋ ಅದು ಸುಮಾರು 11.8 ಮೀಟರ್ ದೂರದ ಹಾದಿ; ಸೆಕೆಂಡಿಗೆ 30 ಫ್ರೇಮುಗಳಂತೆ 60 ಫ್ರೇಮುಗಳಲ್ಲಿ ಹಂಚಿದರೆ ಪ್ರತಿ ಫ್ರೇಮಿಗೂ ಹೆಚ್ಚುಕಡಿಮೆ ಒಂದು ಗೇಣಿನಷ್ಟು ಜಿಗಿತ. ಧೂಮಕೇತು ಹಾರುವ ಬದಲು ಕುಪ್ಪಳಿಸಿತು. ಕಣ್ಣಿನ ಪೂರ್ತಿ ನೋಟವನ್ನು ತೆರೆಯೇ ತುಂಬಿರುವಾಗ ಹೊರಳುವುದು ಚಿತ್ರವಲ್ಲ, ತಾವು ಕುಳಿತ ಕುರ್ಚಿ ಎಂದೇ ದೇಹ ತಿಳಿಯುತ್ತದೆ.

ಬಿಳಿಯ ಹಿನ್ನೆಲೆಯ ಶೀರ್ಷಿಕೆಯೂ ಕೆಟ್ಟಿತು. ಗುಮ್ಮಟದ ಒಂದು ಬದಿಯ ಬೆಳಕು ಎದುರು ಬದಿಗೆ ಚಿಮ್ಮುವುದರಿಂದ ನಕ್ಷತ್ರಗಳೆಲ್ಲ ಮಸುಕಾಗಿ, ಪ್ರೇಕ್ಷಕರು ಪರಸ್ಪರ ಮುಖ ನೋಡಿಕೊಳ್ಳುವಂತಾಯಿತು. ಸಾಲದ್ದಕ್ಕೆ ಆ ಶೀರ್ಷಿಕೆಯನ್ನು ನಾನು ಫ್ರೇಮಿನ ನಟ್ಟನಡುವೆ ಇಟ್ಟಿದ್ದರಿಂದ ಅದನ್ನು ಓದಲು ಎಲ್ಲರೂ ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲಬೇಕಾಯಿತು.

ಇಷ್ಟೆಲ್ಲ ತಿದ್ದುವುದೆಂದರೆ ಮರಳಿ ರೆಂಡರ್ ಮಾಡುವುದು. 12 ನಿಮಿಷಕ್ಕೆ 21,600 ಫ್ರೇಮುಗಳು; 4096×4096 ಅಳತೆಯಲ್ಲಿ ನನ್ನ ಯಂತ್ರ ಫ್ರೇಮೊಂದಕ್ಕೆ 40 ಸೆಕೆಂಡು ತೆಗೆದುಕೊಳ್ಳುತ್ತಿದ್ದುದರಿಂದ ಹಗಲಿರುಳು ಓಡಿದರೂ ಸರಿಯಾಗಿ ಹತ್ತು ದಿನ. ಮೊದಲ ಸಲ ಒಂದೇ ವಿಡಿಯೊ ಫೈಲಾಗಿ ತೆಗೆಯಹೋಗಿ, ಆರನೆಯ ರಾತ್ರಿ ಕರೆಂಟು ಹೋದಾಗ ಅಲ್ಲಿಯವರೆಗಿನದೆಲ್ಲ ಮಣ್ಣುಪಾಲಾಗಿತ್ತು. ಬಿಡಿ ಬಿಡಿ ಪಿಎನ್‌ಜಿ ಚಿತ್ರಗಳಾಗಿ ತೆಗೆದಿದ್ದರೆ ನಿಂತಲ್ಲಿಂದಲೇ ಮುಂದುವರಿಸಬಹುದಿತ್ತು. ತಾರಾಲಯಕ್ಕೆ ಬೇಕಾಗಿದ್ದುದೂ ಅವೇ, ಜೊತೆಗೆ ಪ್ರತ್ಯೇಕ ಡಬ್ಲ್ಯೂಎವಿ ಧ್ವನಿ ಫೈಲುಗಳು. ಒಂದೊಂದು ಚಿತ್ರ ಸರಾಸರಿ 20 ಎಂಬಿ ಎಂದುಕೊಂಡರೂ ಒಟ್ಟು 432 ಜಿಬಿ. ಡಿಸ್ಕಿನ ಖರ್ಚೂ ನನ್ನ ಲೆಕ್ಕದಲ್ಲಿರಲಿಲ್ಲ.

ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಫ್ರೇಮಿನ ಅಳತೆ, ಫ್ರೇಮ್ ದರ, ಗುಮ್ಮಟ ಎಷ್ಟು ಓರೆಯಾಗಿದೆ, ಕುರ್ಚಿಗಳು ಒಂದೇ ದಿಕ್ಕಿಗಿವೆಯೇ ಸುತ್ತಲೂ ಇವೆಯೇ ಎಂಬುದನ್ನು ತಾರಾಲಯದ ತಂತ್ರಜ್ಞರಿಂದಲೇ ಲಿಖಿತವಾಗಿ ಪಡೆಯಿರಿ. ನಡುವಿನವರ ಮಾತು ಸಾಲದು. ಅತಿ ವೇಗದ ದೃಶ್ಯ, ಅತಿ ಬೆಳಕಿನ ದೃಶ್ಯ ಮತ್ತು ಅಕ್ಷರಗಳಿರುವ ದೃಶ್ಯ ಸೇರಿದ 30 ಸೆಕೆಂಡುಗಳ ತುಣುಕನ್ನು ಅದೇ ಗುಮ್ಮಟದಲ್ಲಿ ಮೊದಲು ಹಾಕಿಸಿ, ಹಿಂದಿನ ಸಾಲಿನಲ್ಲೂ ಮುಂದಿನ ಸಾಲಿನಲ್ಲೂ ಕುಳಿತು ನೋಡಿ. ಈಚೆಗೆ ಮಂಗಳೂರಿನ ಪಿಲಿಕುಳ ತಾರಾಲಯದ 18 ಮೀಟರ್ ಗುಮ್ಮಟದಡಿ ಕುಳಿತು ಪ್ರತಿಯೊಂದು ತಿರುವು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆಂದು ಬೆರಳೆಣಿಸಿದೆ. ಈ ಎಣಿಕೆಯನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಬೇಕಾಗಿತ್ತು.

ಪರೀಕ್ಷಾ ತುಣುಕಿನ ಮಾತಾಗಲಿ, ಎಷ್ಟು ಸಲ ತಿದ್ದಿಕೊಡಬೇಕೆಂಬುದಾಗಲಿ ನನ್ನ ಒಪ್ಪಂದದಲ್ಲಿ ಇರಲಿಲ್ಲ. ಚಿತ್ರವನ್ನು ಎರಡು ಸಲ ಪೂರ್ತಿಯಾಗಿ ಮಾಡಿಕೊಟ್ಟೆ; ಅಷ್ಟರಲ್ಲಿ ಗಡುವು ಮೀರಿತ್ತೆಂದು ಸ್ಟುಡಿಯೊದವರು ಉಳಿದರ್ಧ ಹಣವನ್ನು ಹಿಡಿದುಕೊಂಡರು.